ಹಿಡಿಯುವವನಿಗೂ ಒಂದು ಹೆಸರು ಬೇಡವೆ?

ಕಾಲೇಜಿನ ವಾರ್ಷಿಕ ಸಂಚಿಕೆಯೆಂದರೆ ಕಾವ್ಯವಿಮರ್ಶೆಗೂ ಸಮಾಜಚಿಂತನೆಗೂ ಮೀಸಲಾದ ತಾಣ, ಆಟಪಾಟಗಳಿಗೆ ಕೊನೆಯಲ್ಲಿ ಒಂದು ಪುಟದ ವರದಿ ಸಾಕು ಎಂದು ಭಾವಿಸುವವರು ನಮ್ಮಲ್ಲಿ ಬಹು ಮಂದಿ. ಅಂಥವರ ಅಪ್ಪಣೆ ಪಡೆದೇ ಈ ಲೇಖನವನ್ನು ಆರಂಭಿಸುತ್ತೇನೆ. ನಾನು ಬರೆಯಹೊರಟಿರುವುದು ಕಬಡ್ಡಿಯನ್ನು ಕುರಿತು. ಇನ್ನೂ ಸರಿಯಾಗಿ ಹೇಳುವುದಾದರೆ, ಕಬಡ್ಡಿಯಲ್ಲಿ ನಾವು ಬಳಸುವ ಮಾತುಗಳನ್ನು ಕುರಿತು. ಆದುದರಿಂದ ಇದು ಕನ್ನಡದ ವಿಷಯವೂ ಹೌದು. ಕನ್ನಡ ಐಚ್ಛಿಕ ಓದುವ ಮಿತ್ರರು ಪುಟ ತಿರುವದೆ ಓದಬೇಕೆಂದು ಪ್ರಾರ್ಥನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಾಳಿಯ ಅಂಗಳಕ್ಕೆ ನುಗ್ಗಿ ಹೋಗುವವನಿಗೆ ನಮ್ಮ ಭಾಷೆಯಲ್ಲಿ ಹೆಸರುಂಟು. ಪತ್ರಿಕೆಗಳು ಅವನನ್ನು ದಾಳಿಗಾರನೆಂದು ಕರೆಯುತ್ತವೆ. ಮನೆಯಂಗಳದಲ್ಲಿ ನಿಂತು ಕಾಯುವವನಿಗೆ, ಅವನು ನಿಲ್ಲುವ ಎಡೆಗೆ, ಅವನು ಹಾಕುವ ಪಟ್ಟಿಗೆ ನಮ್ಮಲ್ಲಿ ನೆಲೆನಿಂತ ಹೆಸರಿಲ್ಲ. ಹೆಸರಿಲ್ಲದ ಕೆಲಸಕ್ಕೆ ಬೆಲೆಯೂ ಬರುವುದಿಲ್ಲ. ಈ ಕೊರತೆಯಿಂದ ನಷ್ಟವಾಗುತ್ತಿರುವುದು ಭಾಷೆಗೆ ಮಾತ್ರವಲ್ಲ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ನಮ್ಮಂಥ ಹುಡುಗರಿಗೂ ಹುಡುಗಿಯರಿಗೂ.

ಆಟದ ಪರಿಚಯ ಎಲ್ಲರಿಗೂ ಉಂಟು. ಆದರೂ ನೋಡಿ ಬಲ್ಲವರಿಗೂ ಒಳಗಿನ ಏರ್ಪಾಡು ತಿಳಿಯದಿರಬಹುದಾದ್ದರಿಂದ ನಾಲ್ಕು ಮಾತು ಹೇಳುತ್ತೇನೆ. ಗಂಡಸರ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಹೆಂಗಸರದು ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಒಂದೊಂದು ಪಕ್ಷಕ್ಕೆ ಏಳು ಮಂದಿ. ದಾಳಿಗೆ ಹೋದವನಿಗೆ ಮೂವತ್ತು ಸೆಕೆಂಡು ಅವಕಾಶ. ಅಷ್ಟರಲ್ಲಿ ಅವನು ಉಸಿರು ಬಿಡದೆ 'ಕಬಡ್ಡಿ' ಎನ್ನುತ್ತ, ಯಾರನ್ನಾದರೂ ಮುಟ್ಟಿ, ನಡುಗೆರೆಗೆ ಮರಳಬೇಕು. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದು 'ಮಾಡು ಇಲ್ಲವೆ ಮಡಿ'. ಇದಿಷ್ಟು ದಾಳಿಗಾರನ ಕಥೆ. ಎಲ್ಲರ ಕಣ್ಣೂ ಇವನ ಮೇಲೆಯೇ.

ಈಗ ಎದುರು ನಿಂತ ಏಳು ಮಂದಿಯನ್ನು ನೋಡೋಣ. ಅವರು ಮನಬಂದಂತೆ ನಿಂತಿರುವುದಿಲ್ಲ. ಎಡತುದಿಯಲ್ಲೊಬ್ಬ, ಬಲತುದಿಯಲ್ಲೊಬ್ಬ, ಇವರಿಗೆ 'ಕಾರ್ನರ್' ಎನ್ನುತ್ತಾರೆ. ಅವರ ಪಕ್ಕದಲ್ಲಿ ಒಬ್ಬೊಬ್ಬ, ಅವರು 'ಇನ್'. ಅವರಿಂದ ಈಚೆಗೆ 'ಕವರ್' ಇಬ್ಬರು. ಮಧ್ಯದಲ್ಲಿ 'ಸೆಂಟರ್'. ದಾಳಿಗಾರ ಎಡಕ್ಕೆ ವಾಲಿದಾಗ ಎಡ ಮೂಲೆಯವನು ಅವನ ಕಾಲಿಗೆ ಬೀಳುತ್ತಾನೆ. ಕವರ್ ಓಡಿಬಂದು ದಾರಿ ಕಟ್ಟುತ್ತಾನೆ. ಉಳಿದವರು ಮೇಲೆ ಬಿದ್ದು ಒತ್ತುತ್ತಾರೆ. ಕ್ಷಣಾರ್ಧ ಮುಂದೆ ಹೋದರೆ ಮುಟ್ಟಿಸಿಕೊಂಡು ಔಟಾಗಬೇಕು, ಕ್ಷಣಾರ್ಧ ತಡವಾದರೆ ಅವನು ಗೆರೆ ದಾಟಿರುತ್ತಾನೆ. ಕೈಕೈ ಹಿಡಿದು ನಿಂತ ಜೋಡಿ ಬಾಯಿ ಬಿಡದೆ ಬೆರಳು ಒತ್ತಿಯೇ ಸನ್ನೆ ಮಾಡಿಕೊಳ್ಳುವುದುಂಟು. ಇಷ್ಟು ಜಾಣತನದ ಕೆಲಸಕ್ಕೆ ನಾವು ಕೊಟ್ಟಿರುವ ಹೆಸರೇನು? ನಿಯಮಗಳ ಇಂಗ್ಲಿಷ್ ಪುಸ್ತಕವಂತೂ ಈ ಏಳು ಮಂದಿಯನ್ನು ಒಟ್ಟಾಗಿ 'ಆಂಟಿ' ಎಂದು ಕರೆದಿದೆ, ಎಂದರೆ ವಿರೋಧಿ. ತನ್ನ ಮನೆಯನ್ನು ತಾನು ಕಾಯುವವನು ಯಾರಿಗೆ ವಿರೋಧಿ? ದಾಳಿಗಾರನ ಕಣ್ಣಿನಿಂದ ನೋಡಿದರೆ ಮಾತ್ರ ಆ ಹೆಸರು ಸರಿ. ಆಟದ ಮಾತೆಲ್ಲವೂ ದಾಳಿಗಾರನ ಪಕ್ಷ ವಹಿಸಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಆಟ ಯಾವ ಮಾತಿನಲ್ಲಿ ನಡೆಯುತ್ತದೆಂಬುದನ್ನು ಸ್ವಲ್ಪ ನೋಡಬೇಕು. ಕಲಬುರಗಿ ಜಿಲ್ಲೆ ಹಲವು ಭಾಷೆಗಳು ಕೂಡಿ ಬಾಳಿದ ನಾಡು. ೧೯೪೮ರ ಸೆಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ಒಂದರಂದು ಕನ್ನಡನಾಡಿನೊಡನೆ ಒಂದಾಯಿತು. ಉರ್ದು ಕಚೇರಿಯಿಂದ ಇಳಿದು ಹೊಲಕ್ಕೆ ಬಂದಿತು. ಮರಾಠಿ ಗಡಿಯಾಚೆಯಿಂದ ಸಂತೆಗೆ ಬಂದಿತು. ಆಳಂದದ ಕಡೆಯವರಿಗೆ ಅಕ್ಕಲಕೋಟೆ ನೆರೆಮನೆಯಿದ್ದಂತೆ. ಭೀಮಾತೀರದ ಅಫಜಲಪುರದವರಿಗೆ ಸೊಲ್ಲಾಪುರದ ಬಳಕೆ ಉಂಟು. ಹೊಳೆಯಾಚೆಯ ಜೇವರ್ಗಿಯವರ ಮಾತಿಗೆ ಸಿಂದಗಿ, ಶಹಾಪುರಗಳ ಒಗರು. ಈ ಮೂರು ಕಡೆಯ ಹುಡುಗರೂ ನಮ್ಮ ಕಾಲೇಜಿನ ತಂಡದಲ್ಲಿ ಕೂಡಿದಾಗ ಅಂಕಣದಲ್ಲಿ ಕೇಳಿಬರುವ ಮಾತು ಬಲು ಸ್ವಾರಸ್ಯವಾದುದು. ಉಸಿರಿಗೆ 'ದಮ್ಮು', ಎಲ್ಲೆಗೆ 'ಹದ್ದು', ಎಳೆಯುವುದಕ್ಕೆ 'ಜಗ್ಗು'. "ಹಿಡೀಲೆ, ಬಿಡಬ್ಯಾಡ, ಜಗ್ಗು!" ಎಂಬ ಕೂಗಿಗೆ ಮೂರು ತಾಲ್ಲೂಕುಗಳಲ್ಲಿಯೂ ಭೇದವಿಲ್ಲ.

ರಾಶಿ ಮುಗಿದ ಮೇಲೆ ಕಣವೇ ನಮ್ಮ ಅಂಕಣ. ಅಲ್ಲಿ ಗೆರೆ ಕೊರೆದು ಆಡುವವರಿಗೆ ಈ ನಾಲ್ಕು ಮಾತು ಸಾಕು. ಏಕೆಂದರೆ ಆಡುವವರೆಲ್ಲ ಒಂದೇ ಓಣಿಯವರು; ಯಾರು ಎಲ್ಲಿ ನಿಲ್ಲುವರೆಂಬುದು ಎಲ್ಲರಿಗೂ ಗೊತ್ತು. ಊರು ಬಿಟ್ಟು ಹೊರಗೆ ಹೋದಾಗಲೇ ತೊಡಕು. ಅಲ್ಲಿ ನಿನ್ನನ್ನು ಬಲ್ಲವರಿಲ್ಲ. ನೀನೇ ನಿನ್ನ ಕೆಲಸದ ಹೆಸರು ಹೇಳಬೇಕು.

ಎರಡು ವರ್ಷದ ಹಿಂದೆ ನಾವು ಮೂವರು ಗೆಳೆಯರು ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದೆವು. ಅದನ್ನು ನಡೆಸಿದವರಾರೆಂಬುದು ಇಲ್ಲಿ ಅಪ್ರಸ್ತುತ. ತುಂಬಬೇಕಾದ ಅರ್ಜಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ 'ಪೊಸಿಶನ್' ಎಂದೊಂದು ಕಲಮು. ಜೇವರ್ಗಿ ಕಡೆಯ ನಮ್ಮ ಗೆಳೆಯ ಎಡ ಮೂಲೆಯಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ನಿಸ್ಸೀಮ. ಅವನು ಆ ಕಲಮನ್ನು ಖಾಲಿ ಬಿಟ್ಟ. ಮೇಜಿನ ಹಿಂದೆ ಕುಳಿತವರು ಕೇಳಿದಾಗ, "ಎಡಗಡಿ ನಿಂದ್ರತೀನ್ರಿ ಸರ, ಕಾಲ ಹಿಡೀತೀನ್ರಿ" ಎಂದ. ಅವರು ಬರೆದುಕೊಂಡದ್ದು 'ಡಿಫೆಂಡರ್' ಎಂಬ ಒಂದೇ ಮಾತು. ಪಂದ್ಯದಲ್ಲಿ ಅವನನ್ನು ಬಲ ಕವರಿನಲ್ಲಿ ನಿಲ್ಲಿಸಿದರು. ಹುಟ್ಟಿದಂದಿನಿಂದ ಎಡಕ್ಕೆ ನಿಂತವನು ಬಲಕ್ಕೆ ನಿಂತು, ಕಾಲು ಹಿಡಿಯುವವನು ದಾರಿ ಕಟ್ಟಲು ಹೋಗಿ, ಮೂರು ಸಲ ಮುಟ್ಟಿಸಿಕೊಂಡು ಹೊರಗೆ ಕುಳಿತ. ಸಂಜೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ದಾಳಿಗಾರರಿಬ್ಬರ ಹೆಸರಿತ್ತು, ಅವರ ಕೆಲಸಕ್ಕೆ ಒಂದೇ ಹೆಸರಾದ್ದರಿಂದ ಹೇಳುವುದರಲ್ಲಿ ತೊಡಕಾಗಿರಲಿಲ್ಲ.

ಆ ಗೆಳೆಯ ಈಗ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಅದಕ್ಕೆ ಆ ಒಂದು ಕಲಮೇ ಕಾರಣವೆಂದು ನಾನು ವಾದಿಸಲಾರೆ. ಬಡತನಕ್ಕೆ ಕಾರಣಗಳು ಹತ್ತು. ಆದರೆ ಅವನು ಸೋತದ್ದು ಆಟದಲ್ಲಿ ಅಲ್ಲ, ಮಾತಿನಲ್ಲಿ ಎಂದು ಧೈರ್ಯವಾಗಿ ಹೇಳಬಲ್ಲೆ. ಅವನ ಕೈಯಲ್ಲಿ ವಿದ್ಯೆಯಿತ್ತು. ಆ ವಿದ್ಯೆಯ ಹೆಸರು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಬೇರೆ ನಾಡಿನವರು ಕಾಯುವವರಿಗೆ ಎಂಥ ಹೆಸರು ಕೊಟ್ಟಿದ್ದಾರೆಂಬುದನ್ನು ಈಗ ನೋಡೋಣ. ಇದಕ್ಕೆ ಅಮೆರಿಕದ ಫುಟ್‌ಬಾಲಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅದು ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಕೋಳಿಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ ಎಸೆಯುತ್ತಲೋ ನೂರು ಗಜದ ಮೈದಾನದಲ್ಲಿ ಮುಂದೆ ಮುಂದೆ ಹೋಗುವ ಆಟ. ನಾನು ಅದನ್ನು ಕಂಡದ್ದು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಮಾತ್ರ. ಮೊದಲ ನೋಟಕ್ಕೆ ಅದು ಸಂತೆಯ ನೂಕುನುಗ್ಗಲಿನಂತೆ ತೋರುತ್ತದೆ. ಮಾತುಗಳ ಅರ್ಥ ತಿಳಿದೊಡನೆ ಒಂದು ಚದುರಂಗವಾಗಿ ತೆರೆದುಕೊಳ್ಳುತ್ತದೆ.

ಒಂದು ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡೆಸೆಯುವ ನಾಯಕನಿಗೆ 'ಕ್ವಾರ್ಟರ್‌ಬ್ಯಾಕ್' ಎಂದು ಹೆಸರು. ಅವನ ಮುಂದೆ ಐದು ಮಂದಿ ಬಲಾಢ್ಯರು ಗೋಡೆಯಂತೆ ನಿಲ್ಲುತ್ತಾರೆ. ನಡುವಿನವನು 'ಸೆಂಟರ್', ಅವನ ಎಡಬಲಕ್ಕೆ ಇಬ್ಬರು 'ಗಾರ್ಡ್', ಅವರಾಚೆ ತುದಿಗಳಲ್ಲಿ ಇಬ್ಬರು 'ಟ್ಯಾಕಲ್'. ನಮ್ಮ ಕಬಡ್ಡಿಯಲ್ಲಿ ಟ್ಯಾಕಲ್ ಎಂದರೆ ಹಿಡಿದು ಕೆಡಹುವ ಕ್ರಿಯೆ. ಅಲ್ಲಿ ಅದು ಕ್ರಿಯೆಗೂ ಹೆಸರು, ಕಾಯುವವನೊಬ್ಬನಿಗೂ ಹೆಸರು. ಈ ಐವರು ಎದುರಾಳಿಗಳನ್ನು ತಡೆದು ನಾಯಕನ ಸುತ್ತ ಕಟ್ಟುವ ಆವರಣಕ್ಕೆ 'ಪಾಕೆಟ್' ಎನ್ನುತ್ತಾರೆ, ಎಂದರೆ ಜೇಬು. ಆ ಜೇಬಿನೊಳಗೆ ನಿಂತು ನಾಯಕ ಎರಡು ಮೂರು ಸೆಕೆಂಡಿನಲ್ಲಿ ಚೆಂಡು ಎಸೆಯಬೇಕು. ಈ ಕಾಯುವ ಕೆಲಸ ಒಟ್ಟಾಗಿ 'ಪಾಸ್ ಪ್ರೊಟೆಕ್ಷನ್' ಎನಿಸಿಕೊಳ್ಳುತ್ತದೆ. ಎದುರಾಳಿಗಳು ಹೆಚ್ಚು ಜನರನ್ನು ಒಮ್ಮೆಲೆ ಛೂ ಬಿಟ್ಟರೆ ಅದು 'ಬ್ಲಿಟ್ಜ್'. ಜರ್ಮನ್ ಭಾಷೆಯ ಮಿಂಚೆಂಬ ಅರ್ಥದ ಮಾತು.

ನಾಯಕನ ಬಳಿ ನಿಲ್ಲುವ ಇನ್ನೊಬ್ಬನಿದ್ದಾನೆ. ಅವನು 'ರನ್ನಿಂಗ್ ಬ್ಯಾಕ್', ಚೆಂಡು ಪಡೆದು ಓಡುವವನು, ನಮ್ಮ ದಾಳಿಗಾರನಿದ್ದಂತೆ. ಗೋಡೆಯಿಂದ ಎಷ್ಟು ಹಿಂದೆ ನಿಲ್ಲುತ್ತಾರೆಂಬುದರಿಂದ ಕ್ವಾರ್ಟರ್, ಹಾಫ್, ಫುಲ್ ಎಂದು ಕಾಲು, ಅರೆ, ಪೂರ್ಣ ಎಂಬ ಅಳತೆಯ ಹೆಸರುಗಳು ಬಂದವು. ಈಗ ಸ್ಥಾನ ಬದಲಾಗಿ, ಫುಲ್‌ಬ್ಯಾಕ್ ಎಂಬವನು ಅನೇಕ ವ್ಯೂಹಗಳಲ್ಲಿ ಓಡುವವನ ಮುಂದೆಯೇ ನಿಂತು ಅವನಿಗೆ ದಾರಿ ಬಿಡಿಸುತ್ತಾನೆ. ಹಳೆಯ ಹೆಸರು ಮಾತ್ರ ಹಾಗೆಯೇ ಉಳಿದಿದೆ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಚೆಂಡು ಎಸೆಯುವ ಸರದಿ ಬಂದಾಗ ಇದೇ ಓಟಗಾರ ಅನೇಕ ಸಲ ಓಡದೆ ನಿಲ್ಲುತ್ತಾನೆ. ಗೋಡೆಯನ್ನು ಭೇದಿಸಿ ಬರುವ ಎದುರಾಳಿ ಯಾರೆಂದು ಕಣ್ಣಿಟ್ಟು, ತನಗಿಂತ ದೊಡ್ಡ ಆಳಿಗೆ ಎದೆಯೊಡ್ಡಿ, ನಾಯಕನನ್ನು ಕಾಯುತ್ತಾನೆ. ಒಂದು ಸರದಿಯಲ್ಲಿ ಓಡುವ ವೀರ, ಮರು ಸರದಿಯಲ್ಲಿ ಕಾಯುವ ಆಳು. ಓಡುವುದೊಂದನ್ನೇ ಬಲ್ಲವನನ್ನು ಚೆಂಡೆಸೆಯುವ ಸರದಿಯಲ್ಲಿ ನಂಬಿ ನಿಲ್ಲಿಸುವುದು ಕಷ್ಟ.

ಹೆಸರಿನಿಂದ ಬೆಲೆ ಬಂದುದಕ್ಕೂ ಅಲ್ಲಿ ಉದಾಹರಣೆಯುಂಟು. ಬಲಗೈಯಿಂದ ಎಸೆಯುವ ನಾಯಕ ಎಸೆಯಲು ತಿರುಗಿದಾಗ ಅವನ ಎಡಬೆನ್ನಿನ ಕಡೆ ಅವನಿಗೆ ಕಾಣುವುದಿಲ್ಲ. ಆ ಕಡೆಗೆ 'ಬ್ಲೈಂಡ್ ಸೈಡ್', ಎಂದರೆ ಕುರುಡು ಮಗ್ಗುಲು ಎಂದು ಹೆಸರಾಯಿತು. ಅದನ್ನು ಕಾಯುವ ಎಡ ಟ್ಯಾಕಲ್ ಇಂದು ಅಲ್ಲಿ ಹೆಚ್ಚು ಸಂಬಳ ಪಡೆಯುವ ಆಟಗಾರರ ಸಾಲಿನಲ್ಲಿದ್ದಾನೆ. ೨೦೦೬ರಲ್ಲಿ ಮೈಕೆಲ್ ಲೂಯಿಸ್ ಎಂಬ ಲೇಖಕರು ಆ ಸ್ಥಾನವನ್ನೇ ಕುರಿತು, ಆ ಹೆಸರನ್ನೇ ಇಟ್ಟು ಒಂದು ಗ್ರಂಥ ಬರೆದರು. ಚೆಂಡನ್ನು ಮುಟ್ಟದೆಯೇ ಪಂದ್ಯ ಕಳೆಯುವ ಆಟಗಾರನ ಮೇಲೆ ಒಂದು ಗ್ರಂಥ! ಹಾಗೆಂದು ಅಲ್ಲಿ ಎಲ್ಲವೂ ನ್ಯಾಯವಾಗಿದೆಯೆಂದು ತಿಳಿಯಬಾರದು. ನಾಯಕನನ್ನು ಕೆಡಹುವುದಕ್ಕೆ 'ಸ್ಯಾಕ್' ಎಂಬ ಹೆಸರುಂಟು. ಅದನ್ನು ೧೯೮೨ರಿಂದ ಆಟಗಾರರ ಹೆಸರಿಗೆ ಅಧಿಕೃತವಾಗಿ ಲೆಕ್ಕ ಹಾಕುತ್ತಾರೆ. ಆದರೆ ಕಾಯುವವನು ತಡೆದ ಏಟುಗಳಿಗೆ ಅಧಿಕೃತ ಲೆಕ್ಕವಿಲ್ಲ. ಅಲ್ಲಿ ಹೆಸರುಂಟು, ಲೆಕ್ಕವಿಲ್ಲ. ನಮ್ಮಲ್ಲಿ ತಿರುವುಮುರುವು: ಹಿಡಿದವನಿಗೆ ಅಂಕವುಂಟು, ಮೂವರು ಅಥವಾ ಇನ್ನೂ ಕಡಿಮೆ ಮಂದಿ ಉಳಿದಿರುವಾಗ ಹಿಡಿದರೆ ಮೇಲೊಂದು ಅಂಕವೂ ಉಂಟು. ಲೆಕ್ಕದಲ್ಲಿ ನಾವು ಧರ್ಮಿಷ್ಠರು, ಹೆಸರಿನಲ್ಲಿ ಬಡವರು.

ಅಮೆರಿಕ ದೂರದ ಮಾತು, ನಮಗೇಕೆ ಎನ್ನುವವರಿಗೆ ನೆರೆಹೊರೆಯನ್ನೇ ತೋರಿಸುತ್ತೇನೆ. ಈ ಆಟಕ್ಕೆ ಮಹಾರಾಷ್ಟ್ರದಲ್ಲಿ ಹುತುತು ಎಂದೂ, ತಮಿಳುನಾಡಿನಲ್ಲಿ ಸಡುಗುಡು ಎಂದೂ, ಬಂಗಾಳದಲ್ಲಿ ಹಾಡುಡು ಎಂದೂ ಹೆಸರುಗಳಿದ್ದವು. ಪಂಜಾಬಿನವರು ದುಂಡು ಕಣದಲ್ಲಿ ಬೇರೊಂದು ಬಗೆಯ ಕಬಡ್ಡಿ ಆಡುತ್ತಾರೆ. ಅಲ್ಲಿ ತಡೆದು ಹಿಡಿಯುವವನಿಗೆ 'ಜಾಫಿ' ಎಂದು ಅಚ್ಚ ಪಂಜಾಬಿ ಹೆಸರು, ತಬ್ಬಿ ಹಿಡಿಯುವವನೆಂಬ ಅರ್ಥದಲ್ಲಿ. ದಾಳಿಗಾರನಷ್ಟೇ ಜಾಫಿಯೂ ಅಲ್ಲಿ ಮನೆಮಾತು. ಆಳಂದದಿಂದ ಗಡಿ ದಾಟಿ ಹೋಗಿ ಒಂದು ಮರಾಠಿ ಪತ್ರಿಕೆ ತೆರೆದರೆ ದಾಳಿಗೆ 'ಚಢಾಈ', ಹಿಡಿತಕ್ಕೆ 'ಪಕಡ', ಮೂಲೆಯವನಿಗೆ 'ಕೋಪರಾರಕ್ಷಕ' ಎಂಬ ಮಾತುಗಳು ಕಾಣಸಿಗುತ್ತವೆ. ಎರಡು ಎಕರೆ ಆಚೆಯ ಹೊಲದವನು ಬಿತ್ತಿ ಬೆಳೆದುದನ್ನು ನಾವು ಬಿತ್ತಲೇ ಇಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಕಾಯುವವರ ಬಲ ಎಷ್ಟೆಂಬುದನ್ನು ಲೋಕ ಈಚೆಗೆ ಕಂಡಿದೆ. ೧೯೯೦ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಿಗೆ ಕಬಡ್ಡಿ ಸೇರಿದಂದಿನಿಂದ ಭಾರತದ ಗಂಡಸರು ಪ್ರತಿಸಲವೂ ಚಿನ್ನ ಗೆದ್ದಿದ್ದರು. ೨೦೧೮ರಲ್ಲಿ ಜಕಾರ್ತದ ಉಪಾಂತ್ಯದಲ್ಲಿ ಇರಾನ್ ನಮ್ಮನ್ನು ೨೭–೧೮ರಿಂದ ಸೋಲಿಸಿತು. ಜಗತ್ತಿನ ಹೆಸರಾಂತ ದಾಳಿಗಾರರು ನಮ್ಮ ಕಡೆ ಇದ್ದರು. ಅವರನ್ನು ಕಟ್ಟಿಹಾಕಿದ್ದು ಇರಾನಿನ ರಕ್ಷಣೆ. ಅದೇ ವರ್ಷ ಪ್ರೊ ಕಬಡ್ಡಿಯ ಹರಾಜಿನಲ್ಲಿ ಮೊಟ್ಟಮೊದಲು ಕೋಟಿ ರೂಪಾಯಿ ಮುಟ್ಟಿದವನು ದಾಳಿಗಾರನಲ್ಲ, ಇರಾನಿನ ಫಜಲ್ ಅತ್ರಾಚಲಿ ಎಂಬ ಎಡ ಮೂಲೆಯ ಆಟಗಾರ. ನಮ್ಮ ಜೇವರ್ಗಿಯ ಗೆಳೆಯ ನಿಲ್ಲುತ್ತಿದ್ದ ಮೂಲೆಯೂ ಅದೇ. ನಮ್ಮ ನೆನಪಾದರೋ ಇನ್ನೂ ಹಳೆಯ ಜಾಡಿನಲ್ಲಿದೆ. ೨೦೧೯ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು ೩೮–೩೩ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ ೨೨ ಅಂಕ ತಂದರೆಂಬುದು ವಿದ್ಯಾರ್ಥಿನಿಲಯದಲ್ಲಿ ಎಲ್ಲರ ಬಾಯಲ್ಲಿದೆ. ಆ ದಿನ ಮೂಲೆಗಳನ್ನು ಕಾದವರಾರೆಂದು ಕೇಳಿ ನೋಡಿ. ಉತ್ತರಕ್ಕೆ ಬದಲು ಮೌನ ಬರುತ್ತದೆ.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು: ಇಂಗ್ಲಿಷ್ ಮಾತು ಎಲ್ಲೆಡೆಯೂ ಸಲ್ಲುತ್ತದೆ, ನಾಳೆ ಹರಿಯಾಣದವನೊಡನೆ ಆಡುವಾಗ ನಿನ್ನ ಕನ್ನಡ ಯಾರಿಗೆ ತಿಳಿಯುತ್ತದೆ? ನಿಜ. ಇಂಗ್ಲಿಷ್ ಮಾತನ್ನು ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅರ್ಥ ಮೊದಲು ತನ್ನ ಭಾಷೆಯಲ್ಲಿ ನೆಲೆಗೊಂಡವನಿಗೆ ಹೊರಗಿನ ಮಾತು ಬೇಗ ಹತ್ತುತ್ತದೆ. 'ಎಡ ಮೂಲೆ' ಎಂಬುದು ತನ್ನ ಕಸುಬಿನ ಹೆಸರೆಂದು ಬಲ್ಲವನು 'ಲೆಫ್ಟ್ ಕಾರ್ನರ್' ಎಂಬುದನ್ನು ಒಂದು ನಿಮಿಷದಲ್ಲಿ ಕಲಿಯುತ್ತಾನೆ. ತನ್ನ ಕೆಲಸಕ್ಕೆ ಒಂದು ಹೆಸರಿದೆಯೆಂಬುದನ್ನೇ ಅರಿಯದವನು ಎರಡೂ ಭಾಷೆಯಲ್ಲಿ ಮೂಕ.

ಎರಡನೆಯ ಆಕ್ಷೇಪ: ಪಂಡಿತರು ಕೂತು ಹೊಸೆದ ಮಾತು ಬಾಯಲ್ಲಿ ನಿಲ್ಲುವುದಿಲ್ಲ, ನಗೆಪಾಟಲಾಗುತ್ತದೆ. ಇದನ್ನೂ ಒಪ್ಪುತ್ತೇನೆ. ಆದುದರಿಂದಲೇ ಸಂಸ್ಕೃತದ ಉದ್ದುದ್ದ ಸಮಾಸಗಳನ್ನು ನಾನು ಕೇಳುತ್ತಿಲ್ಲ. ಲೋನಾ, ಬೋನಸ್, ಔಟ್ ಇವು ಈಗಾಗಲೇ ನಮ್ಮವಾಗಿವೆ, ಇರಲಿ. ಸರಪಳಿಯ ಕೆಳಗೆ ಮುಳುಗಿ ಪಾರಾಗುವುದಕ್ಕೆ 'ಡುಬ್ಕಿ' ಎಂಬ ಹಿಂದಿ ಮಾತು ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲೂ ಹಾಗೆಯೇ ಸಂದಿದೆ. ನೆಲದಿಂದ ಎದ್ದ ಮಾತಿಗೆ ಆ ಶಕ್ತಿಯುಂಟು ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ನೆಲದಲ್ಲಿಯೂ ಅಂಥ ಮಾತುಗಳಿಗೆ ಬರಗಾಲವಿಲ್ಲ. ಜಾತ್ರೆಯ ಕುಸ್ತಿ ಕಣದಲ್ಲಿ ಪೈಲ್ವಾನರು 'ಪಟ್ಟು' ಎಂಬ ಮಾತನ್ನು ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ. ಅದನ್ನೇ ಕಬಡ್ಡಿಗೆ ತಂದರೆ ಕಾಲು ಹಿಡಿಯುವುದು ಕಾಲ್ಪಟ್ಟು, ತೊಡೆ ಹಿಡಿಯುವುದು ತೊಡೆಪಟ್ಟು, ಸೊಂಟ ಹಿಡಿಯುವುದು ನಮ್ಮ ಕಡೆಯ ಮಾತಿನಲ್ಲಿ ಟೊಂಕಪಟ್ಟು. ಕೈಕೈ ಹಿಡಿದ ಜೋಡಿಗೆ ಸರಪಳಿ. ಭುಜಕೊಟ್ಟು ಗೆರೆಯಾಚೆ ನೂಕುವುದಕ್ಕೆ ದಬ್ಬು. ದಾರಿ ತಡೆಯುವುದಕ್ಕೆ ಅಡ್ಡಗಟ್ಟು.

ಇನ್ನು ಸ್ಥಾನಗಳು. ಕಾರ್ನರಿಗೆ ಎಡ ಮೂಲೆ, ಬಲ ಮೂಲೆ ಎಂದರೆ ಯಾರಿಗೆ ತಿಳಿಯದು? ಅವನ ಪಕ್ಕದವನಿಗೆ ಮಗ್ಗುಲು. ನಡುವಿನವನಿಗೆ ನಡು. ಕವರಿನವನ ಕೆಲಸ ಮೂಲೆಯವನು ಹಿಡಿದೊಡನೆ ಓಡಿಬಂದು ಬಲ ಕೊಡುವುದಾದ್ದರಿಂದ ಅವನಿಗೆ ಒತ್ತಾಸೆ ಎಂಬ ಹೆಸರು ಒಪ್ಪುತ್ತದೆ. ಏಳು ಮಂದಿಗೂ ಒಟ್ಟು ಹೆಸರು ಬೇಕಾದರೆ, ವಿರೋಧಿಯೆಂಬ ಅರ್ಥದ 'ಆಂಟಿ'ಯನ್ನು ಬಿಟ್ಟು 'ಹಿಡಿತಗಾರ' ಎನ್ನೋಣ. ಮೂರು ತಾಲ್ಲೂಕುಗಳಲ್ಲಿಯೂ ಕೂಗುವುದು "ಹಿಡಿ" ಎಂದೇ ಅಲ್ಲವೆ? ಇವು ನನ್ನ ಅಲ್ಪಮತಿಗೆ ತೋಚಿದವು. ಇವಕ್ಕಿಂತ ಚೆನ್ನಾದ ಮಾತು ಯಾವುದಾದರೂ ಹಳ್ಳಿಯ ಹಳೆಯ ಆಟಗಾರನ ಬಾಯಲ್ಲಿ ಇದ್ದರೆ ಅದೇ ಗೆಲ್ಲಲಿ.

ಮೂರನೆಯ ಆಕ್ಷೇಪ ಗೆಳೆಯನೊಬ್ಬ ಎತ್ತಿದ್ದು: ಹೆಸರಿಟ್ಟ ಮಾತ್ರಕ್ಕೆ ಕಾಲು ಸಿಕ್ಕೀತೆ? ಸಿಕ್ಕದು. ಕೈಯ ಬಲ ತಾಲೀಮಿನಿಂದ ಬರಬೇಕು. ಆದರೆ ಹೆಸರಿದ್ದರೆ ಕಲಿಸುವುದು ಸುಲಭ. "ಅಲ್ಲಿ ನಿಂತವನೇ, ನೀ ಸ್ವಲ್ಪ ಹಿಂದ ಸರಿ" ಎನ್ನುವಷ್ಟರಲ್ಲಿ ದಾಳಿ ಮುಗಿದಿರುತ್ತದೆ, "ಒತ್ತಾಸೆ, ಹಿಂದ!" ಎಂದರೆ ಒಂದೇ ಉಸಿರು. ಸಾವಿರಾರು ಜನರ ಗದ್ದಲದ ನಡುವೆ ಅಮೆರಿಕದವರು ಒಂದೆರಡು ಮಾತಿನಲ್ಲಿ ಹನ್ನೊಂದು ಮಂದಿಗೆ ಅವರವರ ಕೆಲಸ ಹಂಚುವುದು ಈ ಬಲದಿಂದಲೇ. ಹೆಸರು ಅಲಂಕಾರಕ್ಕಲ್ಲ, ಅದೂ ಕುರ್ಚಿಗೆಯಂತೆ ಒಂದು ಸಲಕರಣೆ.

ಹೆಸರಿಲ್ಲದ ಹಿಡಿತಗಾರರು ಕಬಡ್ಡಿಯಲ್ಲಷ್ಟೇ ಇಲ್ಲ. ನಮ್ಮ ಮನೆತನದಲ್ಲಿ ಪದವಿಯ ಗೆರೆ ಮುಟ್ಟಹೊರಟವನು ನಾನೇ ಮೊದಲಿಗ. ಊರಿನಲ್ಲಿ ಜನ "ಬಿ.ಎ. ಓದುವ ಹುಡುಗ" ಎಂದು ನನ್ನನ್ನು ಗುರುತಿಸುತ್ತಾರೆ, ನುಗ್ಗಿ ಹೋದವನಿಗೆ ಎಲ್ಲಿಯೂ ಹೆಸರುಂಟು. ನಾನು ಇಲ್ಲಿರುವಷ್ಟು ಕಾಲ ಹೊಲದ ನನ್ನ ಪಾಲಿನ ಕೆಲಸವನ್ನೂ ತನ್ನ ಮೈಮೇಲೆ ಎಳೆದುಕೊಂಡ ಅಪ್ಪ, ಕಳೆ ತೆಗೆದ ಕೂಲಿಯಿಂದ ಪರೀಕ್ಷಾ ಶುಲ್ಕ ಕಟ್ಟಿದ ಅವ್ವ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮನೆ ಹಿಡಿದ ಅಕ್ಕ—ಇವರ ಕೆಲಸಕ್ಕೆ ಯಾವ ಅರ್ಜಿಯಲ್ಲಿಯೂ ಕಲಮಿಲ್ಲ. ತಂದೆಯ ಉದ್ಯೋಗ ಎಂದಿದ್ದಲ್ಲಿ 'ಒಕ್ಕಲುತನ' ಎಂದು ಬರೆಯುತ್ತೇನೆ. ಅಕ್ಕನದನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ತರಗತಿಯಲ್ಲಿ ಕುಳಿತಿರುವ ಬಹು ಮಂದಿಯ ಮನೆಯ ಕಥೆ ಇದೇ ಎಂದು ನಾನು ಬಲ್ಲೆ. ಆದುದರಿಂದ ಕಾಯುವವನಿಗೆ ಹೆಸರು ಬೇಕೆಂಬ ಹಟ ನನಗೆ ಆಟದ ಹುಚ್ಚಿನಿಂದಷ್ಟೇ ಬಂದುದಲ್ಲ.

ಕೊನೆಯದಾಗಿ ಕೆಲವು ಸೂಚನೆಗಳನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡುತ್ತೇನೆ. ಇವಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ.

ಒಂದು: ನಮ್ಮ ಕ್ರೀಡಾ ಕೊಠಡಿಯ ಗೋಡೆಯ ಮೇಲೆ ಕಬಡ್ಡಿ ಅಂಕಣದ ಚಿತ್ರ ಬರೆಯಿಸಿ, ಏಳು ಸ್ಥಾನಗಳಿಗೂ ಕನ್ನಡದ ಹೆಸರನ್ನೂ ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಹೆಸರನ್ನೂ ಬರೆಯಿಸಬೇಕು. ಹೊಸದಾಗಿ ಬಂದ ವಿದ್ಯಾರ್ಥಿ ಮೊದಲ ವಾರದಲ್ಲೇ ತನ್ನ 'ಪೊಸಿಶನ್' ಯಾವುದೆಂದು ಎರಡೂ ಮಾತಿನಲ್ಲಿ ಹೇಳಲು ಕಲಿಯಲಿ. ಎರಡು: ವಾರ್ಷಿಕೋತ್ಸವದಲ್ಲಿ ಉತ್ತಮ ದಾಳಿಗಾರನಿಗೆ ಕೊಡುವ ಬಟ್ಟಲಿನೊಡನೆ ಉತ್ತಮ ಹಿಡಿತಗಾರನಿಗೂ ಒಂದು ಬಟ್ಟಲು ಇರಲಿ, ವಿದ್ಯಾರ್ಥಿನಿಯರ ತಂಡಕ್ಕೂ ಹಾಗೆಯೇ. ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ತಂದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಕನ್ನಡನಾಡಿನವರು ಎಂಬುದನ್ನು ಮರೆಯಬಾರದು. ಮೂರು: ಸಂಚಿಕೆಯ ಕ್ರೀಡಾ ವರದಿಯಲ್ಲಿ ಯಾರು ಎಷ್ಟು ಅಂಕ ತಂದರೆಂಬುದರ ಜೊತೆಗೆ ಯಾರು ಎಷ್ಟು ಹಿಡಿದರು, ಒತ್ತಾಸೆಯಾಗಿ ಯಾರು ನಿಂತರು ಎಂಬುದನ್ನೂ ಬರೆಯಲಿ. ಅಂಕಪಟ್ಟಿ ಬರೆಯುವವರು ಸಾಮಾನ್ಯವಾಗಿ ಮೊದಲು ಹಿಡಿದ ಒಬ್ಬನ ಹೆಸರನ್ನೇ ಬರೆಯುತ್ತಾರೆ. ಮೇಲೆ ಬಿದ್ದು ಒತ್ತಿದವರನ್ನು ವರದಿಯಾದರೂ ನೆನೆಯಲಿ.

ನಾಲ್ಕು: ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತಮ್ಮ ತಮ್ಮ ಹಳ್ಳಿಯ ಹಿರಿಯ ಆಟಗಾರರನ್ನು ಕಂಡು, ಆಟದಲ್ಲಿ ಅವರು ಬಳಸುತ್ತಿದ್ದ ಮಾತುಗಳನ್ನು ಬರೆದುಕೊಂಡು ಬರಬೇಕು. ಕಟ್ಟೆಯ ಮೇಲೆ ಕುಳಿತ ಕಾಕಾನೊಬ್ಬನಿಗೆ "ನಿಮ್ಮ ಕಾಲದಾಗ ಮೂಲ್ಯಾಗ ನಿಂತಾವ್ಗ ಏನ್ ಅಂತಿದ್ರಿ?" ಎಂದು ಕೇಳುವುದಕ್ಕೆ ಯಾವ ಸಂಶೋಧನಾ ವೇತನವೂ ಬೇಡ. ಕನ್ನಡ ವಿಭಾಗದ ಗುರುಗಳು ಆ ಮಾತುಗಳನ್ನು ತಿದ್ದಿ ತೂಗಿ ಒಂದು ಚಿಕ್ಕ ಪಟ್ಟಿ ಮಾಡಿಕೊಟ್ಟರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅದನ್ನು ಅಚ್ಚು ಮಾಡಬಹುದು. ಆ ಹೊತ್ತಿಗೆ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ಪಟ್ಟಿಯನ್ನು ಮಾಡಬೇಕಾದವರು ಈಗ ಮೊದಲ ವರ್ಷದಲ್ಲಿರುವ ನೀವು. ಅದರ ಒಂದು ಪ್ರತಿಯನ್ನು ಪುಣೆಯ ವಿಳಾಸಕ್ಕೆ ಕಳುಹಿಸುವ ಕೆಲಸ ನನಗಿರಲಿ.